ಮೂರನೆಯ ನಟ

ಥೋರಿಕೋಸಿನ ನಮ್ಮ ರಂಗ ದುಂಡಗಿಲ್ಲ,
ಯಾರೋ ಅವಸರದಲ್ಲಿ ತಟ್ಟಿದ ರೊಟ್ಟಿಯ ಹಾಗೆ
ಒಂದು ಮಗ್ಗುಲಿಗೆ ಎಳೆದುಕೊಂಡಿದೆ.
ಗುಡ್ಡದ ಹೊಟ್ಟೆಯಲ್ಲಿ ಬೆಳ್ಳಿಯ ಗಣಿ,
ಕೆಳಗೆ ಕಡಲು, ನಡುವೆ ನಾವು.
ಕಟ್ಟಳೆಯೇ ಹಾಗೆ: ಪಾತ್ರ ಎಷ್ಟೇ ಇರಲಿ,
ನಟರು ಮೂವರೇ.

ಮೊದಲನೆಯವನು ದೊರೆ.
ಬೇರೇನೂ ಆಗಲೊಲ್ಲ. ಅವನ ಗಂಟಲೇ ಅಂಥದು,
ಬೇಡವೆಂದವರ ಮಾತು ಕೇಳಿಸದ ಗಂಟಲು.
ಎರಡನೆಯವನು ರಾಣಿ, ತಂಗಿ, ಮಗಳು;
ಗಡ್ಡ ಬೋಳಿಸದೆ, ಮುಖವಾಡದ ಮರೆಯಲ್ಲಿ
ಮೂರು ತಲೆಮಾರಿನ ಅಳು ಅಳುತ್ತಾನೆ.

ಉಳಿದದ್ದೆಲ್ಲ ನನ್ನ ಪಾಲು.
ಕುರುಡ ಕಣಿಯವನು, ಹಾಲೂಡಿಸಿದ ದಾದಿ,
ಈಟಿ ಹಿಡಿದು ಎರಡೇ ಸಾಲು ಆಡುವ ಕಾವಲಿನವನು,
ಕೊನೆಗೆ, ಬಿಸಿಲು ನೆತ್ತಿಗೇರಿದಾಗ,
ಓಡೋಡಿ ಬರುವ ದೂತ.

ಸಾವು ರಂಗದ ಮೇಲೆ ಆಗುವಂತಿಲ್ಲ.
ಬಾಗಿಲ ಹಿಂದೆ ಎಲ್ಲೋ ಆಗುತ್ತದೆ,
ಆಮೇಲೆ ನನ್ನ ಬಾಯಲ್ಲಿ ಆಗುತ್ತದೆ.
ಎಪ್ಪತ್ತು ಸಾಲು.
ಕುದುರೆ ಎಲ್ಲಿ ಬೆದರಿತು, ಹಗ್ಗ ಯಾವ ತೊಲೆಗೆ,
ಕೊನೆಗೆ ಅವಳು ಯಾರ ಹೆಸರು ಕೂಗಿದಳು.
ಇಪ್ಪತ್ತನೆಯ ಸಾಲಿಗೆ ಜನ ಕಡಲೆ ಜಗಿಯುವುದು ನಿಲ್ಲಿಸಬೇಕು,
ನಲವತ್ತಕ್ಕೆ ಯಾರೋ ಒಬ್ಬರು ಬಿಕ್ಕಬೇಕು.
ಮೇಳದ ಹದಿನೈದು ಮಂದಿ,
ಎಲ್ಲ ಗೊತ್ತಿದ್ದೂ ಬಾಗಿಲ ತನಕ ಹೋಗದವರು,
ಅಯ್ಯೋ ಎಂದು ಹೆಜ್ಜೆ ಹಾಕುತ್ತಾರೆ.
ಅವರಲ್ಲಿ ಇಬ್ಬರು ಕುಂಬಾರರು, ಒಬ್ಬ ನನ್ನ ಷಡ್ಡಕ.

ಹೋದ ವರ್ಷ ದ್ರಾಕ್ಷಿ ತುಳಿಯುವ ಕಾಲಕ್ಕೆ
ಹಿತ್ತಲಲ್ಲಿ ಕೂತು ದೂತನ ಮುಖವಾಡಕ್ಕೆ
ನಾರುಬಟ್ಟೆ ಅಂಟಿಸುತ್ತಿದ್ದೆ.
ಹುಟ್ಟು ಹಾಕುವ ಹುಡುಗ ಸೋಸಿನೋಸ್ ಬಂದು ನಿಂತ.
ನೀರು ಕೇಳಿದ. ಕುಡಿದ.
ಎಣ್ಣೆ ತುಟ್ಟಿಯಾಯಿತಂತೆ ಎಂದ.
ಆಮೇಲೆ ಕಂಕುಳಲ್ಲಿದ್ದ ಕುರಿತೊಗಲ ಮೆತ್ತೆಯನ್ನು,
ಹಡಗಿನ ಹಲಗೆಯ ಮೇಲೆ ನನ್ನ ಮಗ ಹಾಸಿ ಕೂರುತ್ತಿದ್ದುದನ್ನು,
ಗೋಡೆಯ ಮೇಲೆ ಇಟ್ಟ,
ಜಾರೀತೇನೋ ಎಂಬಂತೆ ಒಮ್ಮೆ ಸರಿಮಾಡಿದ.
'ಗಾಳಿ ಜೋರಿತ್ತು' ಎಂದ.

ಅಷ್ಟೇ.

ನಾನು ಉಳಿದ ಸಾಲುಗಳಿಗೆ ಕಾದೆ.
ಹೇಳಲು ನಾಚಿಕೆ: ಇವನು ನಿಂತ ರೀತಿ ಸರಿಯಿಲ್ಲ,
ಭಾರ ಒಂದೇ ಕಾಲಿನ ಮೇಲಿದೆ ಎಂದುಕೊಂಡೆ.
ಹಿಟ್ಟಿನ ಕೈಯಲ್ಲೇ ಹೊರಬಂದ ಫನೋಸ್ತ್ರಾತೆ
ಮೆತ್ತೆ ನೋಡಿದಳು, ಹುಡುಗನನ್ನು ನೋಡಿದಳು,
'ಉಂಡೆಯಾ ಮಗಾ?' ಎಂದಳು.
ಅವನು ಆಗ ಅತ್ತ.

ಮುಂದೆ ಎಷ್ಟೋ ರಾತ್ರಿ ಹುಡುಕಿದೆ.
ಯಾವ ತಾತನ ಪಾಪ, ಯಾವ ದೊರೆಯ ಸೊಕ್ಕು,
ಯಾವ ಹೊಸ್ತಿಲಲ್ಲಿ ಎಡವಿದ್ದು ನಾವು?
ಏನೂ ಸಿಗಲಿಲ್ಲ.
ಗಣಿಗೆ ಬೇಡ, ಹಡಗಿಗೆ ಹೋಗು,
ಅಲ್ಲಿ ಗಾಳಿಯಾದರೂ ಇದೆ, ಅಂದಿದ್ದೆ.
ನಾನೇ. ಕಣಿಯವನು.

ಈ ವರ್ಷದ ಹಬ್ಬಕ್ಕೆ ಮತ್ತೆ ಅದೇ ಮುಖವಾಡ.
ಓಡಿ ಬಂದೆ. ದೊರೆಯ ಮುಂದೆ ನಿಂತೆ.
ಬಾಯಿ ತೆರೆದೆ; ಸಾಲು ಬರಲಿಲ್ಲ.
ಭಾರ ಒಂದೇ ಕಾಲಿನ ಮೇಲಿತ್ತು.
ಮೇಳ ಹೆಜ್ಜೆ ತಪ್ಪಿತು, ಕೊಳಲಿನವನು ತಿರುಗಿ ನೋಡಿದ.
ಯಾರ ಮಾತೂ ಕೇಳದ ಆ ದೊರೆ
ಮೊದಲ ಸಲ ಕಾದ.

ಮೇಲೆ ಕಲ್ಲಿನ ಸಾಲುಗಳಲ್ಲಿ ಕೂತವರನ್ನು ಕಂಡೆ.
ಅರ್ಧ ಜನ ಮೆತ್ತೆ ಮಾತ್ರ ವಾಪಸು ಬಂದ ಮನೆಯವರು,
ಗಾಳಿ ಜೋರಿತ್ತು ಎಂಬಲ್ಲಿಗೆ ಮುಗಿದವರು.
ಉಳಿದ ಸಾಲುಗಳಿಗೆ ತಾನೇ
ಇವರು ನಸುಕಿನಲ್ಲೇ ಗುಡ್ಡ ಹತ್ತಿ ಬಂದದ್ದು?

ಹೇಳಿದೆ. ಎಪ್ಪತ್ತನ್ನೂ ಹೇಳಿದೆ.
ಕುದುರೆ, ಹಗ್ಗ, ತೊಲೆ, ಕೂಗಿದ ಹೆಸರು,
ಒಂದನ್ನೂ ಬಿಡಲಿಲ್ಲ.
ಮೂರನೆಯ ಸಾಲಿನಲ್ಲಿ ಸೋಸಿನೋಸ್,
ಮೊಣಕಾಲ ಮೇಲೆ ಕೈ, ತುಟಿ ಅಲುಗುತ್ತಿತ್ತು.

ಮರೆಗೆ ಬಂದಾಗ ದೊರೆ ಮುಖವಾಡ ಕಳಚಿದ್ದ,
ಹಣೆಯ ಮೇಲೆ ದಾರದ ಕೆಂಪು ಗೆರೆ.
ಏನೋ ಹೇಳಹೊರಟವನು ನುಂಗಿಕೊಂಡು,
'ನೀರು ಬೇಕಾ?' ಅಂದ.